ಬೆಳಕು ಸಾಕಷ್ಟಿದೆ, ಎರರ್ ಮಾತ್ರ ನಿಲ್ಲುತ್ತಿಲ್ಲ

“ಪವರ್ ಸರಿಯಾಗೇ ಇದೆ ಸಾರ್, ಆದ್ರೂ ಎರರ್ ಬರ್ತಿದೆ. ಇನ್ನೊಂದು ಆಂಪ್ಲಿಫೈಯರ್ ಹಾಕ್ಬಿಡೋಣ್ವಾ?”

ಫೈಬರ್ ಲಿಂಕ್ ವೇಗವನ್ನು 2.5ರಿಂದ 10 ಗಿಗಾಬಿಟ್‌ಗೆ ಏರಿಸಿದವರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ. ದಯವಿಟ್ಟು ಬೇಡ. ಬೆಳಕಿನ ಪವರ್ ಸರಿಯಿದ್ದ ಮೇಲೆ ಅದನ್ನೇ ಹೆಚ್ಚಿಸಿ ಏನು ಬಂತು?

ಬೆಳಕು ಮಂಕಾಗುವುದು ಬೇರೆ, ಹರಡಿಕೊಳ್ಳುವುದು ಬೇರೆ. ಲೇಸರ್ ಪಲ್ಸ್‌ನಲ್ಲಿ ಅಕ್ಕಪಕ್ಕದ ತರಂಗಾಂತರಗಳೂ ಒಂದಿಷ್ಟು ಸೇರಿರುತ್ತವೆ. ಗಾಜಿನೊಳಗೆ ಅವೆಲ್ಲ ಒಂದೇ ವೇಗದಲ್ಲಿ ಓಡುವುದಿಲ್ಲ. ಸಾಮಾನ್ಯ ಸಿಂಗಲ್ ಮೋಡ್ ಫೈಬರ್‌ನಲ್ಲಿ, 1550 ನ್ಯಾನೋಮೀಟರ್ ಆಸುಪಾಸಿನಲ್ಲಿ, ಒಂದು ನ್ಯಾನೋಮೀಟರ್ ಅಂತರದ ಎರಡು ತರಂಗಾಂತರಗಳು ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್ ಹಿಂದುಮುಂದಾಗುತ್ತವೆ. ಇದೇ ಕ್ರೊಮ್ಯಾಟಿಕ್ ಡಿಸ್ಪರ್ಶನ್. ದೂರ ಹೋದಂತೆ ಪಲ್ಸ್ ಅಗಲವಾಗಿ ಪಕ್ಕದ ಬಿಟ್‌ನ ಜಾಗಕ್ಕೆ ನುಗ್ಗುತ್ತದೆ. ಹೀಗೆ ಕಲಸಿಹೋದದ್ದನ್ನೇ ಆಂಪ್ಲಿಫೈಯರ್ ಜೋರು ಮಾಡುತ್ತದೆ, ಅಷ್ಟೇ. ನೀರು ಬಿದ್ದು ಶಾಯಿ ಹರಡಿದ ಕಾಗದಕ್ಕೆ ದೀಪ ಹತ್ತಿರ ಹಿಡಿದರೆ ಅಕ್ಷರ ಓದಲು ಬಂದೀತೇ?

“ಹಳೇ ವೇಗದಲ್ಲಿ ಚೆನ್ನಾಗೇ ಓಡ್ತಿತ್ತಲ್ಲ?” ಓಡುತ್ತಿತ್ತು. ಆದರೆ ವೇಗ ನಾಲ್ಕು ಪಟ್ಟಾದರೆ ಕಷ್ಟ ಹದಿನಾರು ಪಟ್ಟು. ಒಂದು ಬಿಟ್‌ಗೆ ಸಿಗುವ ಕಾಲ 400ರಿಂದ 100 ಪಿಕೋಸೆಕೆಂಡ್‌ಗೆ ಇಳಿಯುತ್ತದೆ. ಜೊತೆಗೆ ಪಲ್ಸ್ ಚಿಕ್ಕದಾದಷ್ಟೂ ಅದರೊಳಗಿನ ತರಂಗಾಂತರಗಳ ಹರವೂ ನಾಲ್ಕು ಪಟ್ಟಾಗುತ್ತದೆ. ನೂರಾರು ಕಿಲೋಮೀಟರ್ ತೊಂದರೆ ಕೊಡದ ಫೈಬರ್, 10 ಗಿಗಾಬಿಟ್‌ನ ಸಾಧಾರಣ ಉಪಕರಣಕ್ಕೆ 60–80 ಕಿಲೋಮೀಟರಿನಲ್ಲೇ ಕೈಕೊಡಬಹುದು.

ಒಟಿಡಿಆರ್ (ಫೈಬರ್‌ಗೆ ಬೆಳಕು ಬಿಟ್ಟು ಮರಳಿ ಬಂದದ್ದನ್ನು ಅಳೆಯುವ ಉಪಕರಣ) ಗ್ರಾಫ್ ಕಳಿಸಿದರೆ ಉಪಯೋಗವಿಲ್ಲ. ಅದು ನಷ್ಟವನ್ನೂ ಜೋಡಣೆಗಳನ್ನೂ ತೋರಿಸುತ್ತದೆ. ಬೇರೆ ಬೇರೆ ತರಂಗಾಂತರಗಳು ಎಷ್ಟೆಷ್ಟು ತಡವಾಗಿ ತಲುಪುತ್ತವೆ ಎಂದು ಅಳೆಯುವ ಡಿಸ್ಪರ್ಶನ್ ಟೆಸ್ಟ್ ಬೇರೆಯೇ ಇದೆ.

ಅಳೆಯದೆ ಲೆಕ್ಕ ಹಾಕುವವರೂ ಇದ್ದಾರೆ. 160 ಕಿಲೋಮೀಟರಿನ ಒಂದು ಲಿಂಕ್‌ಗೆ ದಾಖಲೆ ನೋಡಿ, 17ರಿಂದ ಗುಣಿಸಿ, ನ್ಯಾನೋಮೀಟರಿಗೆ 2,720 ಪಿಕೋಸೆಕೆಂಡ್ ಸರಿದೂಗಿಸುವ, ಅಂದರೆ ಹರಡಿದ ಪಲ್ಸನ್ನು ಮತ್ತೆ ಒಟ್ಟುಗೂಡಿಸುವ, ಮಾಡ್ಯೂಲ್ ಕೂರಿಸಿದ್ದರು. ಎರರ್ ಹಾಗೇ ಇತ್ತು. ಅಲ್ಲಿನ ಕಿರಿಯ ಎಂಜಿನಿಯರ್ ಮೂರು ರಾತ್ರಿ ನಿದ್ದೆಗೆಟ್ಟು ಕನೆಕ್ಟರ್‌ಗಳನ್ನು ಒರೆಸಿದ್ದಳು, ಪಾಪ. ಅಳೆದಾಗ ಸಿಕ್ಕಿದ್ದು 1,700ರ ಹತ್ತಿರ. ಹಿಂದೆಂದೋ ಅರ್ಧ ದಾರಿಗೆ ಕಡಿಮೆ ಡಿಸ್ಪರ್ಶನ್‌ನ ಬೇರೆ ಬಗೆಯ ಫೈಬರ್ ಎಳೆದಿದ್ದರು, ದಾಖಲೆಯಲ್ಲಿ ಬರೆದಿರಲಿಲ್ಲ. ಅಗತ್ಯಕ್ಕಿಂತ ಹೆಚ್ಚು ಸರಿದೂಗಿಸಿದರೂ ಪಲ್ಸ್ ಹರಡಿಯೇ ಹರಡುತ್ತದೆ. ಚಿಕ್ಕ ಮಾಡ್ಯೂಲ್ ಹಾಕಿದ ಮೇಲೆ ಲಿಂಕ್ ಸರಿಯಾಯಿತು. ಅವಳು ಅಲ್ಲೇ ಕುರ್ಚಿಯಲ್ಲಿ ನಿದ್ದೆಹೋದಳು.

ಮಾಡ್ಯೂಲ್ ಹಾಕಿದರೆ ಎಲ್ಲ ಲಿಂಕೂ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಧ್ರುವೀಕರಣದಿಂದ, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕಿನಿಂದ, ಬರುವ ಡಿಸ್ಪರ್ಶನ್ ತಾಪಮಾನ, ಕಂಪನಗಳಿಗೆ ತಕ್ಕಂತೆ ಬದಲಾಗುತ್ತಿರುತ್ತದೆ. ಹಳೆಯ ಕೇಬಲ್ ಆದರೆ ಅದನ್ನೂ, ಒಂದೇ ಸಲಕ್ಕೆ ಬಿಡದೆ, ಅಳೆಸಿ.