ಬುಷ್, ಚೇನಿ ಮತ್ತು ನಮ್ಮೂರ ಬೋರ್‌ವೆಲ್ ಲಾರಿ

ಹ್ಯೂಸ್ಟನ್‌ನಲ್ಲಿ ಎಣ್ಣೆ ಬಾವಿಗಳಿಗೆ ಸಿಮೆಂಟ್ ಹಾಕೋ ಕೆಲಸ ನಂದು, 22 ವರ್ಷ ಆಯ್ತು. ಊರಿಗೆ ಹೋದಾಗೆಲ್ಲ ಒಂದೇ ಪ್ರಶ್ನೆ, "ನಿಮ್ ಕಂಪನಿಗೆ ಎಷ್ಟು ಬಾವಿ ಐತಪ್ಪಾ?" ಒಂದೂ ಇಲ್ಲ ಅಂದ್ರೆ ನಂಬಲ್ಲ. ಪೆಟ್ರೋಲ್ ರೇಟ್ ಏರಿದ್ರೆ ಸಾಕು, ವಾಟ್ಸಾಪ್‌ನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಅಪ್ಪ ಬುಷ್, ಮಗ ಬುಷ್, ಉಪಾಧ್ಯಕ್ಷ ಆಗಿದ್ದ ಡಿಕ್ ಚೇನಿ, ವಿದೇಶಾಂಗ ಮಂತ್ರಿ ಆಗಿದ್ದ ಟಿಲ್ಲರ್ಸನ್ ಎಲ್ಲರನ್ನೂ ಒಂದೇ ಮೂಟೆ ಕಟ್ಟಿ "ಎಣ್ಣೆ ರಾಜಕಾರಣಿಗಳು, ರೇಟ್ ಏರಿದ್ರೆ ಇವರಿಗೇ ಲಾಭ" ಅಂತ ಬರುತ್ತೆ. ಓದಿದವರೂ ಫಾರ್ವರ್ಡ್ ಮಾಡ್ತಾರೆ, ಅದಕ್ಕೇ ನಂಗೆ ಸಿಟ್ಟು ಬರೋದು.

ಬೋರ್ ಕೊರೆಸಿದ ಮನೆಯವರಿಗೆ ಇದನ್ನ ಹೇಳಿಕೊಡಬೇಕಾ ಅನ್ಸುತ್ತೆ. ಸಾಲ ಮಾಡಿ ಪಾಯಿಂಟ್ ಮಾಡಿಸೋನು ರೈತ. ತಮಿಳುನಾಡಿನ ತಿರುಚೆಂಗೋಡಿಂದ ಬರೋ ಬೋರ್ ಲಾರಿಯವರು ಅಡಿ ಲೆಕ್ಕದಲ್ಲಿ ದುಡ್ಡು ಎಣಿಸ್ಕೊಂಡು ಹೋಗ್ತಾರೆ, ನೀರು ಬರಲಿ ಧೂಳು ಬರಲಿ. ಕೇಸಿಂಗ್ ಪೈಪಿನ ಅಂಗಡಿಯವನ ಲೆಕ್ಕ ಇನ್ನೊಂದು. ಮೂವರದ್ದೂ ಬೋರಿನ ವ್ಯವಹಾರಾನೇ, ಆದ್ರೆ ಮುಳುಗೋದು ಒಬ್ಬನೇ. ಎಣ್ಣೇಲೂ ಹಂಗೇ, ಆದ್ರಿಂದ ಒಬ್ಬ ರಾಜಕಾರಣಿ "ಎಣ್ಣೆಯವನು" ಅಂದ ತಕ್ಷಣ ಕೇಳಬೇಕಾದ್ದು ಇವನು ರೈತನಾ, ಲಾರಿಯವನಾ, ಅಂಗಡಿಯವನಾ ಅಂತ.

ಅಪ್ಪ ಬುಷ್ ಮೂರೂ ಮಾಡಿದ್ರು. 1948ರಲ್ಲಿ ಟೆಕ್ಸಾಸ್‌ನ ಒಡೆಸ್ಸಾದಲ್ಲಿ ಡ್ರೆಸ್ಸರ್ ಕಂಪನಿಯ ಬಳಗದ ಎಣ್ಣೆ ಬಾವಿ ಸಾಮಾನಿನ ಅಂಗಡೀಲಿ ಕ್ಲರ್ಕ್. 1953ರಲ್ಲಿ ಲೀಡ್ಕಿ ಅಣ್ಣತಮ್ಮಂದಿರ ಜೊತೆ ಸೇರಿ ಜಪಾಟಾ ಪೆಟ್ರೋಲಿಯಂ, ಅದು ರೈತನ ಜಾಗ; ಕೋಕ್ ಕೌಂಟಿಯಲ್ಲಿ 100ಕ್ಕೂ ಹೆಚ್ಚು ಬಾವಿ ಕೊರೆಸಿದ್ರು, ಒಂದೂ ಖಾಲಿ ಹೋಗಲಿಲ್ಲ. ಆಮೇಲೆ ಜಪಾಟಾ ಆಫ್‌ಶೋರ್ ಅಂದ್ರೆ ಸಮುದ್ರದ ಬೋರ್ ಲಾರಿ, ದೊಡ್ಡ ಕಂಪನಿಗಳಿಗೆ ರಿಗ್ ಬಾಡಿಗೆಗೆ ಕೊಡೋದು. ಇವರ ಮ್ಯಾವೆರಿಕ್ ಅನ್ನೋ ರಿಗ್ 1965ರ ಬೆಟ್ಸಿ ಚಂಡಮಾರುತದಲ್ಲಿ ಹೋಯ್ತು. 1966ರಲ್ಲಿ ಪಾಲು ಮಾರಿ ಚುನಾವಣೆಗೆ ನಿಂತು ಕಾಂಗ್ರೆಸ್‌ಗೆ, ಅಂದ್ರೆ ಅಮೆರಿಕದ ಸಂಸತ್ತಿಗೆ, ಹೋದ್ರು.

ಮಗ ಬುಷ್ ಪೂರ್ತಿ ರೈತ. ಅರ್ಬುಸ್ಟೊ ಅಂತ ಕಂಪನಿ, ಸ್ಪ್ಯಾನಿಷ್‌ನಲ್ಲಿ ಪೊದೆ ಅಂತ ಅರ್ಥ, ಬುಷ್ ಅಂದ್ರೂ ಅದೇ ತಾನೇ. ದೊಡ್ಡ ಬಾವಿ ಕೊನೆವರೆಗೂ ಹತ್ತಲಿಲ್ಲ. 1984ರಲ್ಲಿ ಸ್ಪೆಕ್ಟ್ರಮ್ 7 ಜೊತೆ ಸೇರಿಸಿದ್ರು, 1986ರಲ್ಲಿ ಬ್ಯಾರಲ್ ರೇಟ್ 10 ಡಾಲರ್ ಹತ್ರಕ್ಕೆ ಬಿದ್ದಾಗ ಅದೂ ನಿಲ್ಲಲಾರದೆ ಹಾರ್ಕೆನ್ ಕಂಪನಿ ಪಾಲಾಯ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಉಪಾಧ್ಯಕ್ಷರಾಗಿದ್ದ ಅಪ್ಪ ಸೌದಿಗೆ ಹೋಗೋ ಮುಂಚೆ, ರೇಟ್ ಸ್ಥಿರವಾಗಿರಬೇಕು ಅಂತ ಅಲ್ಲಿ ಮಾತಾಡ್ತೀನಿ ಅಂದ್ರು, ಆದ್ರೆ ರೇಗನ್ ಸರ್ಕಾರದ ಮಾತು ಮಾರುಕಟ್ಟೆಗೇ ಬಿಡಿ ಅಂತ ಇತ್ತು. ಇಲ್ಲಿ ಮಾತ್ರ ವಾಟ್ಸಾಪ್ ಅನುಮಾನಕ್ಕೆ ಸ್ವಲ್ಪ ಆಧಾರ ಇದೆ ಅಂತೀನಿ, ಆದ್ರೂ ಮಗನಿಗೋಸ್ಕರ ಮಾಡಿದ್ರು ಅಂತ ನಾನು ಹೇಳಲ್ಲ, ಯಾಕಂದ್ರೆ ಆಗ ಇಡೀ ಟೆಕ್ಸಾಸೇ ನೆಲಕಚ್ಚಿತ್ತು.

ಚೇನಿ ಕಥೆ ಬೇರೆ. 1995ರಿಂದ 2000ದವರೆಗೆ ಹ್ಯಾಲಿಬರ್ಟನ್ ಮುಖ್ಯಸ್ಥ. ಆ ಕಂಪನಿ 1919ರಲ್ಲಿ ಓಕ್ಲಹೋಮದಲ್ಲಿ ಶುರುವಾಗಿದ್ದೇ ಬಾವಿಗೆ ಸಿಮೆಂಟ್ ಹಾಕೋಕೆ, ಪೈಪಿಗೂ ಬಂಡೆಗೂ ಮಧ್ಯ ಇರೋ ಸಂದಿ ತುಂಬೋ ಕೆಲಸ, ನಾನು ಮಾಡೋದೂ ಅದನ್ನೇ. ಸಿಗೋ ಎಣ್ಣೆಯೆಲ್ಲ ಬಾವಿ ಮಾಲೀಕನದು, ನಮಗೆ ಬರೋದು ಕೂಲಿ. ರೇಟ್ ಏರಿದ್ರೆ ಕೊರೆಯೋರು ಜಾಸ್ತಿ ಆಗಿ ನಮಗೂ ಕೆಲಸ ಸಿಗುತ್ತೆ ನಿಜ, ಆದ್ರೆ ಅದು ನಿಧಾನಕ್ಕೆ. ಇಂಥಾ ಕಂಪನೀಲಿ ನೋಡಬೇಕಾದ್ದು ವರ್ಕ್ ಆರ್ಡರ್ ಯಾರು ಕೊಟ್ರು ಅಂತ. 2003ರಲ್ಲಿ ಇರಾಕಿನ ಎಣ್ಣೆ ವ್ಯವಸ್ಥೆ ರಿಪೇರಿ ಕೆಲಸ ಹ್ಯಾಲಿಬರ್ಟನ್ ಕೈಕೆಳಗಿನ ಕೆಬಿಆರ್‌ಗೆ ಟೆಂಡರ್ ಇಲ್ಲದೆ ಹೋಯ್ತು, ಚೇನಿ ಆಗ ಉಪಾಧ್ಯಕ್ಷ. ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ ಅದು, "ಚೇನಿಗೆ ಎಷ್ಟು ಬಾವಿ ಇತ್ತು" ಅಂತ ಕೂತ್ರೆ ಅದು ಕೈತಪ್ಪುತ್ತೆ. ಇನ್ನೊಂದು, 1998ರಲ್ಲಿ ಚೇನಿ ಖರೀದಿ ಮಾಡಿದ್ದು ಅಪ್ಪ ಬುಷ್ ಕ್ಲರ್ಕ್ ಆಗಿದ್ದ ಅದೇ ಡ್ರೆಸ್ಸರ್‌ನ, ಅದರ ಜೊತೆ ಆಸ್ಬೆಸ್ಟಾಸ್ ಧೂಳಿಂದ ಕಾಯಿಲೆ ಬಿದ್ದವರು ಹಾಕಿದ ಕೇಸುಗಳೂ ಹ್ಯಾಲಿಬರ್ಟನ್ ಹೆಗಲಿಗೆ ಬಂದ್ವು.

ಟಿಲ್ಲರ್ಸನ್ ಎಕ್ಸಾನ್‌ನಲ್ಲಿ 1975ರಲ್ಲಿ ಎಂಜಿನಿಯರ್ ಆಗಿ ಸೇರಿದವರು, ಆಮೇಲೆ ಆ ಎಣ್ಣೆ ಕಂಪನಿಯ ಮುಖ್ಯಸ್ಥರಾದ್ರು. ಅಲ್ಲಿ ಬಾವಿ, ರಿಫೈನರಿ ಎಲ್ಲ ಒಂದೇ ಮನೇಲಿ, ಕಚ್ಚಾ ಎಣ್ಣೆ ರೇಟ್ ಬಿದ್ರೂ ರಿಫೈನರಿ ಕಡೆ ಸ್ವಲ್ಪ ಸರಿದೂಗುತ್ತೆ. ಅದು ಇನ್ನೊಂದೇ ಜಾತಿ.

ಹೋದ ಸಲ ಹಿರಿಯೂರಲ್ಲಿ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳ್ತಾ ಕೂತಿದ್ದೆ. ಮೂರು ಬೋರ್ ಫೇಲ್ ಆಗಿ ಚಿಕ್ಕಮ್ಮನ ಬಳೆ ಮಾರಿದವರು ಅವರು. ಎಲ್ಲ ಕೇಳಿಸ್ಕೊಂಡು, "ಆ ಹುಡುಗನ ಬೋರ್ ಫೇಲ್ ಆದಾಗ ದುಡ್ಡು ಯಾರ್ದು ಹೋಯ್ತು?" ಅಂದ್ರು. ಇಷ್ಟು ವರ್ಷದಲ್ಲಿ ನಂಗೆ ಯಾರೂ ಇದನ್ನ ಕೇಳಿರಲಿಲ್ಲ. ಅರ್ಬುಸ್ಟೊಗೆ ಹೂಡಿಕೆದಾರರನ್ನ ಹೊಂದಿಸಿ ಕೊಟ್ಟಿದ್ದು ವಾಲ್ ಸ್ಟ್ರೀಟ್‌ನಲ್ಲಿದ್ದ ಅವನ ಚಿಕ್ಕಪ್ಪ ಜೊನಾಥನ್ ಬುಷ್ ಅಂದೆ. ನಮ್ ಚಿಕ್ಕಪ್ಪ ಏನೂ ಮಾತಾಡಲಿಲ್ಲ, ಎದ್ದು ಮೋಟರ್ ಆಫ್ ಮಾಡೋಕೆ ತೋಟಕ್ಕೆ ಹೋದ್ರು.