ಬಳ್ಳಾರಿ ಬಯಲಲ್ಲಿ ರ‍್ಯಾಪ್: ಅಕ್ಷರ ನುಂಗುವ ಒಣಗಾಳಿ

ಬಳ್ಳಾರಿಯಲ್ಲಿ ದೊಡ್ಡದೊಂದು ಸಂಗೀತ ರಾತ್ರಿ ನಡೆಯಿತು ಅಂದುಕೊಳ್ಳಿ. ಮೊದಲು ರ‍್ಯಾಪ್, ಆಮೇಲೆ ರಾಕ್ ಬ್ಯಾಂಡು, ಮೈದಾನ ತುಂಬ ಜನ. ಮರುದಿನ ಬೆಳಿಗ್ಗೆ ವಗ್ಗರಣಿ ಮಿರ್ಚಿ ಅಂಗಡಿ ಮುಂದೆ ಎರಡು ದೂರು ಕೇಳಿಬರುತ್ತವೆ. ಮೈದಾನದ ಹಿಂದಿನ ಸಾಲಲ್ಲಿ ನಿಂತವರು ಹೇಳುತ್ತಾರೆ: "ಬರೇ ಧಬ್ ಧಬ್ ಕೇಳಸ್ತು, ಏನ್ ಹಾಡಿದ ಅಂತ ಒಂದಕ್ಷರ ತಿಳೀಲಿಲ್ಲ." ಊರಾಚೆಯ ಬಡಾವಣೆಯವರು ಹೇಳುತ್ತಾರೆ: "ಅಷ್ಟು ದೂರ ಇದ್ದರೂ ರಾತ್ರಿಯೆಲ್ಲ ನಿದ್ದಿ ಇಲ್ಲ." ಎರಡಕ್ಕೂ ಬೈಸಿಕೊಳ್ಳುವವರು ಮಾತ್ರ ಒಬ್ಬರೇ, ಸೌಂಡ್‌ನವರು.

ಒಳಗಿದ್ದವರಿಗೆ ಕೇಳಿಸಲಿಲ್ಲ, ಹೊರಗಿದ್ದವರಿಗೆ ಜಾಸ್ತಿ ಕೇಳಿಸಿತು. ಕೇಳೋಕೆ ವಿಚಿತ್ರ, ಅಲ್ವಾ? ಆದರೆ ಎರಡೂ ನಿಜ ಇರಬಹುದು. ಬಯಲಲ್ಲಿ ಹಾಡು ಕೇಳುವಾಗ ನಾವು ಕೇಳುವುದು ಹಾಡುಗಾರನನ್ನು ಮಾತ್ರ ಅಲ್ಲ. ಆ ರಾತ್ರಿಯ ಗಾಳಿ ಆ ಹಾಡನ್ನು ಏನು ಮಾಡಿತು ಅನ್ನುವುದನ್ನೂ ಕೇಳುತ್ತೇವೆ. ಬಳ್ಳಾರಿಯ ಗಾಳಿಗೆ ಅದರದೇ ಕೆಲವು ಗುಣಗಳಿವೆ.

ಮೊದಲು ಒಂದು ಚರಿತ್ರೆ. 1973ರ ಜುಲೈ 28ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಎಂಬಲ್ಲಿ ಒಂದು ರಾಕ್ ಕಾರ್ಯಕ್ರಮ ನಡೆಯಿತು. ಸೇರಿದ ಜನ ಸುಮಾರು 6 ಲಕ್ಷ. ಸರಿಯಾಗಿ ಎರಡು ವಾರ ಕಳೆದು, ಆಗಸ್ಟ್ 11ರಂದು, ಅದೇ ರಾಜ್ಯದ ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನ ಹಾಲಲ್ಲಿ ಸಣ್ಣ ಪಾರ್ಟಿ ನಡೆಯಿತು. ಅಲ್ಲಿ ರೆಕಾರ್ಡ್ ಹಾಕಿದವರು ಡಿಜೆ ಕೂಲ್ ಹರ್ಕ್. ರ‍್ಯಾಪ್‌ನ ತವರಾದ ಹಿಪ್-ಹಾಪ್ ಹುಟ್ಟಿದ ದಿನ ಅಂತ ಜಗತ್ತು ಈಗ ನೆನೆಯುವುದು ಆ ಪಾರ್ಟಿಯನ್ನು. ಆಮೇಲೆ ಹಿಪ್-ಹಾಪ್ ಬೀದಿಗೆ, ಪಾರ್ಕಿಗೆ ಬಂತು, ನಿಜ. ಆದರೆ ಅದು ಮೊದಲು ಉಸಿರಾಡಿದ್ದು ನಾಲ್ಕು ಗೋಡೆಗಳ ನಡುವೆ. ರಾಕ್ ಅಷ್ಟು ಹೊತ್ತಿಗಾಗಲೇ ಬಯಲಿಗೆ ಬಂದು ಪಳಗಿತ್ತು.

ಈ ವ್ಯತ್ಯಾಸ ಸಣ್ಣದಲ್ಲ. ಕೋಣೆಯಲ್ಲಿ ಗೋಡೆ, ಚಾವಣಿ ಎಲ್ಲ ಸದ್ದನ್ನು ವಾಪಸ್ ಕೊಡುತ್ತವೆ. ಬಯಲಲ್ಲಿ ಹೋದದ್ದು ಹೋಯಿತು. ಒಂದು ಸಾಧಾರಣ ಸ್ಪೀಕರ್‌ನಿಂದ ನೀವು ಎರಡು ಪಟ್ಟು ದೂರ ಹೋದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. 5 ಮೀಟರಿನಿಂದ 80 ಮೀಟರಿಗೆ ಹೋಗುವಷ್ಟರಲ್ಲಿ 24 ಡೆಸಿಬಲ್ ಹೋಗಿರುತ್ತದೆ. ರಾಕ್‌ನಲ್ಲಿ ಗಿಟಾರ್ ಕೇಳಿಸಿದರೆ ಅರ್ಧ ಮಜಾ ಬಂತು. ರ‍್ಯಾಪ್‌ನಲ್ಲಿ ಮಾತು ಕೇಳಿಸದಿದ್ದರೆ ಏನೂ ಉಳಿಯುವುದಿಲ್ಲ.

ದೂರದವರಿಗೂ ಕೇಳಿಸಲಿ ಅಂತ ವೇದಿಕೆಯ ಎರಡೂ ಕಡೆ ಉದ್ದಕ್ಕೆ ಸ್ಪೀಕರ್ ಪೆಟ್ಟಿಗೆಗಳನ್ನು ಒಂದರ ಕೆಳಗೊಂದು ತೂಗುಹಾಕಿರುತ್ತಾರೆ. ಇದಕ್ಕೆ ಲೈನ್ ಅರೇ ಅನ್ನುತ್ತಾರೆ. ಫ್ರಾನ್ಸಿನ ಕ್ರಿಶ್ಚಿಯನ್ ಹೈಲ್ 1990ರ ದಶಕದ ಶುರುವಿನಲ್ಲಿ ಇದರ ಇಂದಿನ ರೂಪವನ್ನು ಬಳಕೆಗೆ ತಂದರು. ಸಾಲಾಗಿ ಜೋಡಿಸಿದ ಪೆಟ್ಟಿಗೆಗಳ ಅಲೆಗಳು ಒಂದಕ್ಕೊಂದು ಸೇರಿಕೊಂಡು ಮುಂದಕ್ಕೆ ಹೋಗುತ್ತವೆ, ಮೇಲಕ್ಕೂ ಕೆಳಕ್ಕೂ ಅಷ್ಟಾಗಿ ಚೆಲ್ಲುವುದಿಲ್ಲ. ಹಾಗಾಗಿ ಒಂದಷ್ಟು ದೂರದವರೆಗೆ, ದೂರ ಎರಡು ಪಟ್ಟಾದರೂ ಇಳಿಯುವುದು ಸುಮಾರು 3 ಡೆಸಿಬಲ್ ಮಾತ್ರ. ಎತ್ತರದಲ್ಲಿ ತೂಗುಹಾಕುವುದಕ್ಕೂ ಕಾರಣ ಇದೆ. ಮನುಷ್ಯರ ಮೈ, ಬಟ್ಟೆ ಎಲ್ಲ ಸದ್ದನ್ನು ಹೀರುತ್ತವೆ. ಸ್ಪೀಕರ್ ನೆಲದ ಮೇಲಿದ್ದರೆ ಮುಂದಿನ ನಾಲ್ಕು ಸಾಲಿನವರೇ ಮಾತನ್ನೆಲ್ಲ ಹೀರಿಕೊಂಡುಬಿಡುತ್ತಾರೆ.

ಮೈದಾನ ತುಂಬ ಉದ್ದ ಇದ್ದರೆ ನಡುವೆ ಇನ್ನೊಂದು ಗೋಪುರ ನಿಲ್ಲಿಸಿ ಅಲ್ಲೂ ಸ್ಪೀಕರ್ ಹಾಕಬೇಕು. ಆಗ ಹೊಸ ತಲೆನೋವು. ತಂತಿಯಲ್ಲಿ ಸಿಗ್ನಲ್ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ, ಗಾಳಿಯಲ್ಲಿ ಸದ್ದು ನಿಧಾನ. ವೇದಿಕೆಯಿಂದ 100 ಮೀಟರ್ ಬರಲು ಅದಕ್ಕೆ 0.29 ಸೆಕೆಂಡ್ ಬೇಕು. ಹಾಗೇ ಬಿಟ್ಟರೆ ಗೋಪುರದ ಪಕ್ಕ ನಿಂತವನಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳುತ್ತದೆ. ಅದಕ್ಕೆ ಗೋಪುರದ ಸದ್ದನ್ನು ಬೇಕಂತಲೇ ತಡಮಾಡಿ ಬಿಡುತ್ತಾರೆ. ವಾಟ್ಕಿನ್ಸ್ ಗ್ಲೆನ್‌ನಲ್ಲಿ ಈ ಕೆಲಸಕ್ಕೆ ಡಿಜಿಟಲ್ ಡಿಲೇ ಯಂತ್ರಗಳನ್ನು ಬಳಸಿದ್ದರು, ಆ ಕಾಲಕ್ಕೆ ಅದು ಹೊಚ್ಚ ಹೊಸದು.

ಜಾಣ ಸೌಂಡ್‌ನವರು ಲೆಕ್ಕಕ್ಕಿಂತ ಹತ್ತಿಪ್ಪತ್ತು ಮಿಲಿಸೆಕೆಂಡ್ ಜಾಸ್ತಿಯೇ ತಡಮಾಡುತ್ತಾರೆ. ಯಾಕೆ ಅಂದರೆ, ಒಂದೇ ಸದ್ದು ಎರಡು ಕಡೆಯಿಂದ ಸ್ವಲ್ಪವೇ ಅಂತರದಲ್ಲಿ ಬಂದರೆ ನಮ್ಮ ಮಿದುಳು ಎರಡನ್ನೂ ಸೇರಿಸಿ ಒಂದು ಮಾಡುತ್ತದೆ. ಮೊದಲು ಬಂದ ದಿಕ್ಕಿನಿಂದಲೇ ಬಂತು ಅಂತ ತೀರ್ಮಾನಿಸುತ್ತದೆ. 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಇದನ್ನು ಚೆನ್ನಾಗಿ ಪರೀಕ್ಷಿಸಿ ತೋರಿಸಿದರು. ನಿಮ್ಮ ಕಿವಿಗೆ ಬಿದ್ದ ಸದ್ದಲ್ಲಿ ಜಾಸ್ತಿ ಪಾಲು ಪಕ್ಕದ ಗೋಪುರದ್ದು. ಆದರೂ ವೇದಿಕೆ ಮೇಲಿನವನೇ ಹಾಡುತ್ತಿದ್ದಾನೆ ಅನಿಸುತ್ತದೆ. ಒಳ್ಳೆಯ ಮೋಸ!

ಇಷ್ಟೆಲ್ಲ ಲೆಕ್ಕ ಹಾಕಿಟ್ಟರೂ ಗಾಳಿ ಸುಮ್ನೆ ಇರುವುದಿಲ್ಲ. ಸದ್ದಿನ ವೇಗ ಬಿಸಿ ಗಾಳಿಯಲ್ಲಿ ಜಾಸ್ತಿ. 30 ಡಿಗ್ರಿ ಇದ್ದಾಗ ಸೆಕೆಂಡಿಗೆ 349 ಮೀಟರ್, 18 ಡಿಗ್ರಿಗೆ ಇಳಿದಾಗ 342 ಮೀಟರ್. ಸಂಜೆ ಹೊಂದಿಸಿದ ತಡ, ರಾತ್ರಿಯಾಗುವಷ್ಟರಲ್ಲಿ 100 ಮೀಟರಿಗೆ ಸುಮಾರು 6 ಮಿಲಿಸೆಕೆಂಡ್ ತಪ್ಪಿರುತ್ತದೆ. ಹಗಲಿಗೂ ರಾತ್ರಿಗೂ ಇಷ್ಟು ಅಂತರ ಬಳ್ಳಾರಿಯ ಚಳಿಗಾಲದಲ್ಲಿ ಮಾಮೂಲು.

ಈಗ ಆ ಅಕ್ಷರಗಳ ಕಥೆಗೆ ಬರೋಣ. ನನಗೆ ಇದೇ ಎಲ್ಲಕ್ಕಿಂತ ಸ್ವಾರಸ್ಯದ ಭಾಗ. ಮಾತಿನಲ್ಲಿ ಅ, ಆ, ಓ ಮುಂತಾದ ಸ್ವರಗಳ ಶಕ್ತಿ ಹೆಚ್ಚಾಗಿ ಕೆಳಗಿನ, ಅಂದರೆ ನಿಧಾನದ, ಕಂಪನಗಳಲ್ಲಿ ಇರುತ್ತದೆ. ಒಂದು ಮಾತನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸುವ ಸ, ಶ, ಚ, ತ ಇವುಗಳ ಗುರುತು ಇರುವುದು ಮೇಲಿನ, ಅಂದರೆ ವೇಗದ, ಕಂಪನಗಳಲ್ಲಿ. 'ಸ'ಕಾರದ ಶಕ್ತಿಯಂತೂ ಬಹುಪಾಲು ಸೆಕೆಂಡಿಗೆ 4,000 ಕಂಪನದ ಮೇಲೆಯೇ. ಗಾಳಿಗೆ ರುಚಿಸುವುದು ಈ ಮೇಲಿನ ಕಂಪನಗಳೇ. ಒಣಗಾಳಿಗಂತೂ ಇನ್ನೂ ಹಸಿವು ಜಾಸ್ತಿ.

ಎಷ್ಟು ಜಾಸ್ತಿ? ಗಾಳಿ 15 ಡಿಗ್ರಿ ಇದ್ದು, ತೇವಾಂಶ ಶೇಕಡಾ 80 ಇದ್ದರೆ, 8,000 ಕಂಪನದ ಸದ್ದು 100 ಮೀಟರ್ ಹೋಗುವಷ್ಟರಲ್ಲಿ ಗಾಳಿ ಹೀರುವುದು ಸುಮಾರು 8 ಡೆಸಿಬಲ್. ತೇವಾಂಶ ಶೇಕಡಾ 20ಕ್ಕೆ ಇಳಿದರೆ ಅದು 20 ಡೆಸಿಬಲ್! ದೂರಕ್ಕೆ ಹೋದಂತೆ ತಾನಾಗಿ ಇಳಿಯುವುದರ ಮೇಲೆ ಇದು ಬೇರೆ. ಮಂಗಳೂರಿನ 30 ಡಿಗ್ರಿ, ಶೇಕಡಾ 70 ತೇವಾಂಶದ ಗಾಳಿಯಲ್ಲಾದರೆ ಬರೀ 6 ಡೆಸಿಬಲ್ ಹೋಗುತ್ತದೆ. ಅದೇ ಹಾಡುಗಾರ, ಅದೇ ಸ್ಪೀಕರ್, ಆದರೆ ಮಂಗಳೂರಿನ ಹಿಂದಿನ ಸಾಲಿಗೆ ಸಿಗುವ 'ಸ' ಬಳ್ಳಾರಿಯ ಒಣ ದಿನದಲ್ಲಿ ಸಿಗುವುದಿಲ್ಲ. ಇಲ್ಲಿನ ಗಾಳಿ ಎಷ್ಟು ಒಣ ಅಂತ ನಾನು ಬೇರೆ ಹೇಳಬೇಕಿಲ್ಲ. ಒಗೆದ ಜೀನ್ಸ್ ಎಷ್ಟು ಬೇಗ ಒಣಗುತ್ತದೆ ಅಂತ ಈ ಊರಿನವರಿಗೆ ಚೆನ್ನಾಗಿ ಗೊತ್ತು.

ಯಾಕೆ ಹೀಗೆ? ಸದ್ದು ಅಂದರೆ ಗಾಳಿಯ ಒತ್ತು ಮತ್ತು ಬಿಡುವು. ಒತ್ತಿದಾಗ ಗಾಳಿಯ ಕಣಗಳು ಒಂದಕ್ಕೊಂದು ತಾಗಿ, ಸ್ವಲ್ಪ ಶಕ್ತಿ ಆಮ್ಲಜನಕ, ಸಾರಜನಕದ ಅಣುಗಳ ಒಳಗಿನ ಅದುರಾಟಕ್ಕೆ ಹೋಗುತ್ತದೆ. ಆ ಅಣುಗಳು ಆ ಶಕ್ತಿಯನ್ನು ವಾಪಸ್ ಕೊಡುತ್ತವೆ, ಆದರೆ ತಡವಾಗಿ. ಅಷ್ಟರಲ್ಲಿ ಅಲೆ ಮುಂದೆ ಹೋಗಿರುತ್ತದೆ. ತಡವಾಗಿ ಬಂದ ಶಕ್ತಿ ಬಿಸಿಯಾಗಿ ವ್ಯರ್ಥವಾಗುತ್ತದೆ. ಈ ಕೊಡು-ಕೊಳ್ಳುವಿಕೆ ಎಷ್ಟು ಚುರುಕು ಅನ್ನುವುದನ್ನು ಗಾಳಿಯಲ್ಲಿರುವ ನೀರಿನ ಆವಿ ತೀರ್ಮಾನಿಸುತ್ತದೆ. ತೇವ ಚೆನ್ನಾಗಿದ್ದರೆ ಶಕ್ತಿ ಬೇಗ ವಾಪಸ್ ಬರುತ್ತದೆ, ನಷ್ಟ ಕಡಿಮೆ. ತೇವವೇ ಇಲ್ಲದಿದ್ದರೆ ಶಕ್ತಿ ಒಳಗೆ ಹೋಗುವುದೇ ಕಷ್ಟ, ಆಗಲೂ ನಷ್ಟ ಕಡಿಮೆ. ಕೆಟ್ಟದ್ದು ನಡುವಿನ ಸ್ಥಿತಿ. ಮಾತಿನ ಮೇಲಿನ ಕಂಪನಗಳಿಗೆ ಅದು ಶೇಕಡಾ 10ರಿಂದ 20ರ ಆಸುಪಾಸಿನ ತೇವಾಂಶ. ನಮ್ಮ ಬೇಸಿಗೆಯ ಒಣ ಸಂಜೆಗಳು ಅದರ ಹತ್ತಿರಕ್ಕೆ ಹೋಗುತ್ತವೆ.

ಹಳಗನ್ನಡ ಕವಿಗಳ ಆದಿಪ್ರಾಸ ನಿಂತಿರುವುದು ಸಾಲಿನ ಎರಡನೆಯ ಅಕ್ಷರದ ವ್ಯಂಜನದ ಮೇಲೆ. ಇವತ್ತಿನ ಕನ್ನಡ ರ‍್ಯಾಪರ್‌ಗಳೂ ವ್ಯಂಜನಗಳನ್ನೇ ಕುಟ್ಟಿ ಕುಟ್ಟಿ ತಾಳ ಹುಟ್ಟಿಸುತ್ತಾರೆ. ಗಾಳಿ ಮೊದಲು ತಿನ್ನುವುದು ಪ್ರಾಸವನ್ನೇ ಅಂತಾಯಿತು. ಸೌಂಡ್‌ನವರು ಇದಕ್ಕೆ ಮದ್ದು ಇಟ್ಟುಕೊಂಡಿದ್ದಾರೆ. ದೊಡ್ಡ ಸಿಸ್ಟಮ್‌ಗಳಲ್ಲಿ ಆ ಹೊತ್ತಿನ ತಾಪಮಾನ, ತೇವಾಂಶ ಕೊಟ್ಟರೆ, ದೂರಕ್ಕೆ ಗುರಿ ಇಟ್ಟ ಮೇಲಿನ ಪೆಟ್ಟಿಗೆಗಳಲ್ಲಿ ಟ್ರೆಬಲ್ (ಮೇಲಿನ ಕಂಪನ) ಹೆಚ್ಚಿಸುವ ಸಾಫ್ಟ್‌ವೇರ್ ಇರುತ್ತದೆ. ಆದರೆ 20 ಡೆಸಿಬಲ್ ಏರಿಸುವುದು ಅಂದರೆ ನೂರು ಪಟ್ಟು ಶಕ್ತಿ. ಅಷ್ಟನ್ನು ಯಾವ ಸ್ಪೀಕರೂ ತಾಳುವುದಿಲ್ಲ.

ಬೇಸ್‌ಗೆ, ಅಂದರೆ ಕೆಳಗಿನ ಕಂಪನದ ಆ ಧಬ್ ಧಬ್ ಸದ್ದಿಗೆ, ಈ ಕಷ್ಟ ಯಾವುದೂ ಇಲ್ಲ. ಸೆಕೆಂಡಿಗೆ 63 ಕಂಪನದ ಸದ್ದಿನಿಂದ ಗಾಳಿ ಒಂದು ಇಡೀ ಕಿಲೋಮೀಟರಿಗೆ ಹೀರುವುದು 0.1ರಿಂದ 0.3 ಡೆಸಿಬಲ್. ಏನೂ ಇಲ್ಲ ಅಂತಲೇ ಅನ್ನಿ. 50 ಕಂಪನದ ಅಲೆಯ ಉದ್ದ 7 ಮೀಟರ್. ಜನ, ಕಾಂಪೌಂಡು, ಲಾರಿ ಯಾವುದೂ ಅದಕ್ಕೆ ಅಡ್ಡಿಯಲ್ಲ, ಬಳಸಿಕೊಂಡು ಹೋಗುತ್ತದೆ. ಮನೆಯ ಗೋಡೆಯನ್ನೂ ಸುಲಭಕ್ಕೆ ದಾಟುತ್ತದೆ. 1980ರಲ್ಲಿ ರೋಲ್ಯಾಂಡ್ ಕಂಪನಿ ತಂದ ಟಿಆರ್-808 ಡ್ರಮ್ ಯಂತ್ರದ ಆ ಧುಮ್ ಸದ್ದು ಹಿಪ್-ಹಾಪ್‌ನ ಗುರುತೇ ಆಗಿದೆ. ಮಾತು ಸತ್ತ ಮೇಲೂ ಉಳಿಯುವುದು ಅದೊಂದೇ. ಹಿಂದಿನ ಸಾಲಿನವರ ದೂರು ಸರಿಯಾಗೇ ಇತ್ತು.

ಕೇಳಿಸದಷ್ಟು ಕೆಳಗಿನ ಬೇಸ್ ಕೂಡ ಕೆಲಸ ಮಾಡುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಾರ್ಯಕ್ರಮದ ನಡುನಡುವೆ ಅತಿ ಕೆಳಗಿನ, ಅಂದರೆ 8ರಿಂದ 37 ಕಂಪನದ, ಸ್ಪೀಕರ್‌ಗಳನ್ನು ಗುಟ್ಟಾಗಿ ಹಾಕಿ ತೆಗೆದು ಮಾಡಿದರು. ಅವು ಚಾಲೂ ಇದ್ದಾಗ ಜನರ ಕುಣಿತ ಸರಾಸರಿ ಶೇಕಡಾ 11.8 ಹೆಚ್ಚಾಯಿತು.

ಬಳ್ಳಾರಿಯಲ್ಲಿ ಇನ್ನೊಂದು ಲೆಕ್ಕವೂ ಇದೆ, ಗುಡ್ಡ. ಬೋಳು ಬಂಡೆ ಸದ್ದನ್ನು ಹೀರುವುದು ತೀರಾ ಕಡಿಮೆ, ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ಎಸೆಯುತ್ತದೆ. ಸ್ಪೀಕರ್‌ಗಳ ಎದುರು 250 ಮೀಟರ್ ದೂರದಲ್ಲಿ ಬಂಡೆಗುಡ್ಡ ಇದ್ದರೆ ಮಾತು ಸುಮಾರು ಒಂದೂವರೆ ಸೆಕೆಂಡ್ ಬಿಟ್ಟು ಮರಳಿ ಬರುತ್ತದೆ. ಅಷ್ಟರಲ್ಲಿ ರ‍್ಯಾಪರ್ ಮುಂದಿನ ಸಾಲಿನ ನಡುವೆ ಇರುತ್ತಾನೆ. ಗುಡ್ಡಕ್ಕೆ ಬೆನ್ನು ಕೊಟ್ಟು ವೇದಿಕೆ ಕಟ್ಟಿದರೆ ಈ ತಾಪತ್ರಯ ಬಹಳ ಕಡಿಮೆ. ಆದರೆ ಎಷ್ಟೋ ಸಲ ವೇದಿಕೆಯ ದಿಕ್ಕು ನಿರ್ಧರಿಸುವುದು ವಿಐಪಿಗಳ ಕಾರು ಎಲ್ಲಿಂದ ಬರುತ್ತದೆ ಅನ್ನುವುದು!

ಇನ್ನು ಊರಾಚೆಯವರ ದೂರು. ಮಧ್ಯಾಹ್ನ ಸೌಂಡ್ ಚೆಕ್ ಮಾಡಿದಾಗ ಅವರಿಗೆ ಏನೂ ಕೇಳಿಸಿರಲಿಲ್ಲ. ಅದೇ ಸದ್ದು ರಾತ್ರಿ ಹಾಸಿಗೆ ತನಕ ಬಂತು. ರಾತ್ರಿ ಊರು ಸದ್ದಿಲ್ಲದೆ ಇರುತ್ತದೆ, ಅದಕ್ಕೇ ಕೇಳಿಸುತ್ತದೆ ಅನ್ನುತ್ತಾರೆ. ಅದೂ ಒಂದು ಕಾರಣ, ಆದರೆ ದೊಡ್ಡ ಕಾರಣ ಬೇರೆ. ಮಧ್ಯಾಹ್ನ ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಎರೆ ಹೊಲದಲ್ಲಿ ಗಾಡಿಯ ಒಂದು ಚಕ್ರ ಕೆಸರಿಗೆ ಸಿಕ್ಕರೆ ಗಾಡಿ ಆ ಕಡೆಗೇ ತಿರುಗುತ್ತದಲ್ಲ, ಸದ್ದೂ ಹಾಗೇ. ತಂಪು ಗಾಳಿಯಲ್ಲಿ ಅದು ನಿಧಾನ, ಹಾಗಾಗಿ ತಂಪಿನ ಕಡೆಗೆ ಬಾಗುತ್ತದೆ. ಮಧ್ಯಾಹ್ನ ಮೇಲಕ್ಕೆ ಬಾಗಿ ಆಕಾಶಕ್ಕೆ ಹೋಗುತ್ತದೆ, ದೂರದವರು ಸದ್ದಿನ ನೆರಳಲ್ಲಿ ಉಳಿಯುತ್ತಾರೆ. ಮೋಡವಿಲ್ಲದ ಚಳಿಗಾಲದ ರಾತ್ರಿ ಎಲ್ಲ ಉಲ್ಟಾ. ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಮೇಲಿನದು ಇನ್ನೂ ಬೆಚ್ಚಗಿರುತ್ತದೆ. ಮೇಲೆ ಹೋದ ಸದ್ದು ಬಾಗಿ ಕೆಳಗೆ ಬಂದು, ಮೈದಾನದಿಂದ ಎಷ್ಟೋ ದೂರದ ಮನೆಗಳ ಮೇಲೆ ಇಳಿಯುತ್ತದೆ. ಇದನ್ನು 1870ರ ದಶಕದಲ್ಲೇ ಬ್ರಿಟನ್ನಿನ ಆಸ್ಬರ್ನ್ ರೆನಾಲ್ಡ್ಸ್ ವಿವರಿಸಿದ್ದರು. ಗಾಳಿ ಬೀಸುವ ದಿಕ್ಕಿನಲ್ಲೂ ಸದ್ದು ಹೀಗೇ ಕೆಳಗೆ ಬಾಗುತ್ತದೆ.

ಈ ಸೀಮೆಯ ಬಯಲಾಟಗಳಿಗೆ ಇದೇ ಗಾಳಿ ನೆರವಾಗಿರಬೇಕು ಅಂತ ನನ್ನ ಅನಿಸಿಕೆ. ಸುಗ್ಗಿ ಮುಗಿದ ಮೇಲೆ, ಆಕಾಶ ತಿಳಿಯಾದ ರಾತ್ರಿಗಳಲ್ಲಿ, ಬೆಳಗಿನ ತನಕ ಆಟ. ಮೈಕ್ ಇಲ್ಲದ ಕಾಲದಲ್ಲಿ ಎತ್ತರದ ಶ್ರುತಿಗೆ ಏರಿಸಿದ ದನಿ ಬೇರೆ. ನಮ್ಮ ಕಿವಿಗೆ ಅತಿ ಚುರುಕಾಗಿ ಕೇಳುವುದು 2,000ದಿಂದ 5,000 ಕಂಪನದ ನಡುವೆ, ಏರುದನಿಯಲ್ಲಿ ಹಾಡಿದಾಗ ಅಲ್ಲಿ ಶಕ್ತಿ ಹೆಚ್ಚು ಸೇರುತ್ತದೆ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ, ಮಧ್ಯರಾತ್ರಿ 12ರ ತನಕ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ನಿದ್ದೆಗಾಗಿ ಮಾಡಿದ ನಿಯಮ ಅದು. ಆದರೆ ತಣ್ಣನೆ ಗಾಳಿ ನೆಲಕ್ಕೆ ಹೊಂದಿಕೊಂಡು ಗಟ್ಟಿಯಾಗುವ ಹೊತ್ತಿಗೂ ಸರಿಯಾಗಿ ಕೂಡುತ್ತದೆ. ಒಳ್ಳೆಯ ಸೌಂಡ್‌ನವರು ಕೆಲವು ಬೇಸ್ ಪೆಟ್ಟಿಗೆಗಳನ್ನು ಹಿಂದಕ್ಕೆ ತಿರುಗಿಸಿ, ಸಮಯ ಹೊಂದಿಸಿ, ವೇದಿಕೆಯ ಹಿಂದಕ್ಕೆ ಹೋಗುವ ಬೇಸನ್ನು ಬೇಸಿಂದಲೇ ಅಳಿಸುತ್ತಾರೆ. ಹಿಂದಿನ ಬೀದಿಯವರಿಗೆ ಅದರಿಂದ ಉಪಕಾರ. ಮುಂದಿನ ದಿಕ್ಕಿನವರಿಗೆ ಇಲ್ಲ.

ನಿಲ್ಲುವುದು ಎಲ್ಲಿ? ಮೈದಾನದ ನಡುವೆ ಸೌಂಡ್‌ನವರು ಮಿಕ್ಸರ್ ಇಟ್ಟುಕೊಂಡು ಕೂತಿರುತ್ತಾರಲ್ಲ, ಅವರ ಆಸುಪಾಸು. ಅವರು ಎಲ್ಲವನ್ನೂ ಹೊಂದಿಸುವುದು ಅಲ್ಲಿ ಕೇಳುವ ಸದ್ದಿಗೆ. ಬೇಸ್ ಪೆಟ್ಟಿಗೆಗಳ ಎದುರು ಬೇಡ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಂಗೀತ ಕಾರ್ಯಕ್ರಮಗಳಿಗೆ 15 ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದು ಅಂತ ಮಿತಿ ಸೂಚಿಸಿತು. ಕಾರ್ಖಾನೆ ಕೆಲಸಗಾರರಿಗೆ ಅಮೆರಿಕದ ತಜ್ಞರು ಇಟ್ಟ ಲೆಕ್ಕ ಇನ್ನೂ ಬಿಗಿ. 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧ. 100 ಡೆಸಿಬಲ್‌ಗೆ ಹದಿನೈದೇ ನಿಮಿಷ ಸಿಗುತ್ತದೆ. ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲ ಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಇವೆ, ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವವು ಮೇಲಿನ ಕಂಪನ ಹಿಡಿಯುವವು. ಅಂದರೆ ಮತ್ತೆ ಅದೇ ಸ, ಶ, ಚ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಕಿವಿಯ ಒಳಗೆ ಸರಿಯಾಗಿ ಕೂತರೆ 20 ಡೆಸಿಬಲ್‌ಗೂ ಹೆಚ್ಚು ಇಳಿಸುತ್ತದೆ, ಹತ್ತಿ ಉಂಡೆಯಿಂದ ಅಷ್ಟು ಆಗುವುದಿಲ್ಲ. ಮನೆಗೆ ಬಂದ ಮೇಲೆ ಕಿವಿಯಲ್ಲಿ ಕೊಂಯ್ ಅನ್ನುವುದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ಅಥವಾ ಒಂದು ಕಿವಿ ಮಂದವಾದಂತೆ ಅನಿಸಿದರೆ, ಕಾಯುತ್ತ ಕೂರದೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.