ಐದು ಭಾಷೆಯಲ್ಲಿ ಬರೆದಿಟ್ಟ ವಿಳಾಸ

ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವಾಗ ನಮ್ಮ ಮನೆಯಲ್ಲಿ ಒಂದು ಕ್ರಮ ಇತ್ತು. ಹೊಸ ನೋಟುಪುಸ್ತಕಗಳಿಗೆ ಬೈಂಡ್ ಹಾಕಿ ಆದ ಮೇಲೆ ಅಪ್ಪ ಎದುರು ಕೂತು ಮೊದಲ ಪುಟ ಬರೆಸುತ್ತಿದ್ದರು. ಹೆಸರು, ಕ್ಲಾಸು, ಮನೆ, ಪೋಸ್ಟು. ಮೇಲೆ ಕನ್ನಡದಲ್ಲಿ, ಕೆಳಗೆ ಮಲಯಾಳದಲ್ಲಿ. ನಾನು ಕನ್ನಡ ಮೀಡಿಯಂ. ಮಲಯಾಳ ಅಕ್ಷರ ತಿದ್ದುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. "ಇದೆಲ್ಲ ಯಾಕಪ್ಪ?" ಅಂತ ಕೇಳಿದರೆ, "ಬಸ್ಸಿನಲ್ಲಿ ಬಿಟ್ಟು ಬಂದರೆ ಯಾರ ಕೈಗೆ ಸಿಗ್ತದೆ ಅಂತ ನಿನಗೆ ಗೊತ್ತುಂಟಾ?" ಅನ್ನುತ್ತಿದ್ದರು.

ಹಂಗೇರಿಯ ಕವಿ ಮಿಕ್ಲೋಶ್ ರಾಡ್ನೋಟಿಯ ನೋಟುಪುಸ್ತಕದ ಕಥೆ ಓದಿದಾಗ ನನಗೆ ಮೊದಲು ನೆನಪಾದದ್ದು ಅಪ್ಪನ ಈ ಮಾತು.

ಆ ಪುಸ್ತಕ ತೀರಾ ಚಿಕ್ಕದು. ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದು, ಸರ್ಬಿಯಾದಲ್ಲಿ ತಯಾರಾದ ಮಾಮೂಲಿ ನೋಟುಪುಸ್ತಕ. ಒಳಗಿರುವುದು ಹತ್ತೇ ಕವಿತೆ. ಅದರಲ್ಲಿ ಒಂದು ಟಿಪ್ಪಣಿ ಇದೆ. ಇದು ಹಂಗೇರಿಯನ್ ಕವಿ ರಾಡ್ನೋಟಿಯ ಕವಿತೆಗಳ ಪುಸ್ತಕ, ಸಿಕ್ಕಿದವರು ದಯವಿಟ್ಟು ಬುಡಾಪೆಸ್ಟಿನ ಅಧ್ಯಾಪಕ ದ್ಯುಲಾ ಓರ್ತುತಾಯ್ ಅವರಿಗೆ ತಲುಪಿಸಿ ಅಂತ ಅದರ ತಾತ್ಪರ್ಯ. ಬೀದಿಯ ಹೆಸರು, ಮನೆ ನಂಬರು ಸಹಿತ. ಈ ಒಂದೇ ವಿಷಯವನ್ನು ಅವನು ಐದು ಭಾಷೆಗಳಲ್ಲಿ ಬರೆದಿದ್ದಾನೆ: ಹಂಗೇರಿಯನ್, ಸರ್ಬಿಯನ್, ಜರ್ಮನ್, ಫ್ರೆಂಚ್, ಇಂಗ್ಲಿಷ್.

ಒಮ್ಮೆ ಯೋಚಿಸಿ ನೋಡಿ. ಹಂಗೇರಿಯನ್ ಅವನ ಸ್ವಂತ ಭಾಷೆ. ಸರ್ಬಿಯನ್, ಅವನನ್ನು ಕೂಡಿಹಾಕಿದ್ದ ಊರಿನವರದ್ದು. ಜರ್ಮನ್, ಅವನಿದ್ದ ಬಿಟ್ಟಿ ಚಾಕರಿಯ ಕ್ಯಾಂಪು ನಡೆಸುತ್ತಿದ್ದವರದ್ದು. ಎರಡನೇ ಮಹಾಯುದ್ಧದ ಕಾಲ. ಯುದ್ಧ ಯಾವ ಕಡೆ ತಿರುಗುತ್ತದೋ ಗೊತ್ತಿಲ್ಲ, ಪುಸ್ತಕ ಯಾವ ಸೈನಿಕನ ಕೈಗೆ ಬೀಳುತ್ತದೋ ಗೊತ್ತಿಲ್ಲ. ಹಾಗಾಗಿ ಇನ್ನೆರಡು. ಬಸ್ಸಿನ ಬೋರ್ಡು ಎರಡು ಲಿಪಿಯಲ್ಲಿ ಓದಿ ಬೆಳೆದ ನಮ್ಮ ಕಡೆಯವರಿಗೆ ಈ ಲೆಕ್ಕಾಚಾರ ಬಿಡಿಸಿ ಹೇಳಬೇಕಾಗಿಲ್ಲ.

ಅವನು ಅಲ್ಲಿಗೆ ಹೋಗಿ ಬಿದ್ದದ್ದು ಹೇಗೆ ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ರಾಡ್ನೋಟಿ ಹುಟ್ಟಿದ್ದು 1909ರಲ್ಲಿ, ಬುಡಾಪೆಸ್ಟಿನ ಯಹೂದಿ ಮನೆಯಲ್ಲಿ. ಹೆರಿಗೆಯಲ್ಲೇ ತಾಯಿಯೂ ಜೊತೆಗೆ ಹುಟ್ಟಿದ ಅವಳಿ ತಮ್ಮನೂ ತೀರಿಕೊಂಡರು. ಹನ್ನೆರಡಾಗುವಾಗ ಅಪ್ಪನೂ ಇಲ್ಲ. ಓದಿ ಡಾಕ್ಟರೇಟ್ ತೆಗೆದುಕೊಂಡರೂ ಮೇಷ್ಟ್ರ ಕೆಲಸ ಸಿಗಲಿಲ್ಲ, ಯಹೂದಿ ಅನ್ನುವ ಒಂದೇ ಕಾರಣಕ್ಕೆ. ಅನುವಾದ ಮಾಡಿ ಹೊಟ್ಟೆ ಹೊರೆದ. ಲ್ಯಾಟಿನ್ ಕವಿ ವರ್ಜಿಲನ ದನಗಾಹಿಗಳ ಹಾಡನ್ನು ಹಂಗೇರಿಯನ್‌ಗೆ ತಂದ ಮೇಲೆ ತಾನೂ ಅದೇ ಧಾಟಿಯಲ್ಲಿ ಬರೆಯತೊಡಗಿದ.

ಹಂಗೇರಿ ಆಗ ಜರ್ಮನಿಯ ಜೊತೆಗಿತ್ತು. 1939ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಸೈನ್ಯದ ಬಂದೂಕು ಕೊಡಲು ಯಾರ ಮೇಲೆ ನಂಬಿಕೆ ಇಲ್ಲವೋ ಅವರ ಕೈಗೆ ಗುದ್ದಲಿ ಕೊಡುವುದು. ಹೆಸರು 'ಕಾರ್ಮಿಕ ಸೇವೆ', ಅಸಲಿಗೆ ಬಿಟ್ಟಿ ಚಾಕರಿ. ಹೆಚ್ಚಾಗಿ ಸಿಕ್ಕಿಬಿದ್ದವರು ಯಹೂದಿ ಗಂಡಸರು. ರಾಡ್ನೋಟಿಗೆ ಮೂರು ಸಲ ಕರೆ ಬಂತು. 1943ರಲ್ಲಿ ಅವನೂ ಹೆಂಡತಿ ಫನ್ನಿಯೂ ಕ್ಯಾಥೊಲಿಕ್ ಧರ್ಮಕ್ಕೆ ಸೇರಿದ್ದರು. ಕಾನೂನು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. 1944ರ ಮೇ ತಿಂಗಳಲ್ಲಿ ಮೂರನೇ ಸಲ ಹೋದವನನ್ನು ಸರ್ಬಿಯಾದ ಬೋರ್‌ಗೆ ಸಾಗಿಸಿದರು.

ಬೋರ್‌ನಲ್ಲಿ ಇದ್ದದ್ದು ತಾಮ್ರದ ಗಣಿ. ಯುದ್ಧಕ್ಕೆ ತಾಮ್ರ ಬೇಕು, ತಾಮ್ರ ಸಾಗಿಸಲು ರೈಲು ಬೇಕು, ಹಳಿ ಹಾಕಲು ಆಳು ಬೇಕು. ಸುತ್ತಲಿನ ಗುಡ್ಡಗಳಲ್ಲಿ ಕ್ಯಾಂಪುಗಳು. ಇವನಿದ್ದ ಕ್ಯಾಂಪಿಗೆ ಹೈಡೆನೌ ಅಂತ ಜರ್ಮನಿಯ ಊರೊಂದರ ಹೆಸರು.

ಅಲ್ಲಿ ಬರೆಯುವುದು ಹೇಗೆ? ಇದಕ್ಕೆ ಉತ್ತರ ಅವನ ಕವಿತೆಯಲ್ಲೇ ಇದೆ. ಆ ಜುಲೈಯಲ್ಲಿ ಬರೆದ 'ಏಳನೇ ಎಕ್ಲಾಗ್'ನಲ್ಲಿ (ವರ್ಜಿಲನ ಧಾಟಿಯ ಆ ಹಾಡಿಗೆ ಎಕ್ಲಾಗ್ ಅಂತ ಹೆಸರು) ಅವನು ಹೇಳುತ್ತಾನೆ: ಟಾರ್ಚನ್ನೂ ಪುಸ್ತಕವನ್ನೂ ಕಾವಲಿನವರು ಕಿತ್ತುಕೊಂಡಿದ್ದಾರೆ, ಟಪಾಲು ಬರುವುದಿಲ್ಲ, ಕತ್ತಲಲ್ಲಿ ಸಾಲಿನ ಕೆಳಗೆ ಸಾಲು ತಡವಿಕೊಂಡು ಕಂಬಳಿಹುಳದ ಹಾಗೆ ಕಾಗದದ ಮೇಲೆ ತೆವಳುತ್ತಿದ್ದೇನೆ, ಅಕ್ಷರದ ಮೇಲಿನ ಗುರುತುಗಳನ್ನೂ ಹಾಕುತ್ತಿಲ್ಲ. ಹಂಗೇರಿಯನ್ ಸ್ವರಗಳ ತಲೆಯ ಮೇಲೆ ಸಣ್ಣ ಗೀಟುಗಳಿರುತ್ತವೆ. ಸ್ವರ ಗಿಡ್ಡವೋ ಉದ್ದವೋ ಅಂತ ತಿಳಿಯುವುದು ಅದರಿಂದ. ನಾವು ದೀರ್ಘ ಹಾಕದೆ ಬರೆದ ಹಾಗೆ ಅಂತಿಟ್ಟುಕೊಳ್ಳಿ. 'ಬೇಲಿ' ಹೋಗಿ 'ಬೆಲಿ' ಆಗುತ್ತದೆ. ಬರೆದವನಿಗೆ ಗೊತ್ತಾಗುತ್ತದೆ, ಬೇರೆಯವರು ಊಹಿಸಿಕೊಳ್ಳಬೇಕು.

ಆದರೆ ಪುಸ್ತಕದ ಪುಟಗಳ ಪಡಿಯಚ್ಚು ನೋಡಿದರೆ ಅದು ತಡವಿಕೊಂಡು ಗೀಚಿದ ಹಾಗೆ ಕಾಣುವುದಿಲ್ಲ. ಶುದ್ಧಪ್ರತಿ ಮಾಡಿದವನ ಕೈ. ಕವಿತೆಯ ಕೆಳಗೆ ಎಲ್ಲಿ, ಯಾವತ್ತು ಬರೆದದ್ದು ಅಂತ ನಮೂದಿಸುವ ಅಭ್ಯಾಸ ಬೇರೆ. ಸೆಪ್ಟೆಂಬರ್ 15ರ 'ಬಲವಂತದ ನಡಿಗೆ' ಎಂಬ ಕವಿತೆಯಲ್ಲಿ ಪ್ರತಿ ಸಾಲಿನ ನಡುವೆ ಒಂದು ಖಾಲಿ ಜಾಗ ಬಿಟ್ಟಿದ್ದಾನೆ. ಅರ್ಧ ಸಾಲು, ಒಂದು ಬಿಡುವು, ಮತ್ತೆ ಅರ್ಧ ಸಾಲು. ಕುಸಿದು ಕೂತವನು ಎದ್ದು ಇನ್ನೊಂದು ಹೆಜ್ಜೆ ಇಟ್ಟ ಹಾಗೆ. ಭಾಷೆ ಬಾರದ ನನಗೂ ಆ ಪುಟ ನೋಡಿದರೆ ಕುಂಟುವುದು ಕಾಣುತ್ತದೆ.

ಎರಡು ದಿನದಲ್ಲಿ ನಡಿಗೆ ನಿಜವಾಗಿಯೇ ಶುರುವಾಯಿತು. ರಷ್ಯದ ಸೈನ್ಯ ಹತ್ತಿರ ಬರುತ್ತಿತ್ತು, ಕ್ಯಾಂಪು ಖಾಲಿ ಮಾಡಲು ಅಪ್ಪಣೆಯಾಯಿತು. ಕೈದಿಗಳನ್ನು ಎರಡು ತಂಡ ಮಾಡಿದರು. ಬೇಗ ಮನೆ ಮುಟ್ಟಬಹುದು ಅನ್ನುವ ಆಸೆಯಲ್ಲಿ ರಾಡ್ನೋಟಿ ಮೊದಲ ತಂಡಕ್ಕೆ ಸೇರಿಕೊಂಡ. ಹಿಂದೆ ಉಳಿದ ಎರಡನೇ ತಂಡವನ್ನು ಪಾರ್ಟಿಸಾನರು, ಅಂದರೆ ಜರ್ಮನರ ವಿರುದ್ಧ ಹೋರಾಡುತ್ತಿದ್ದ ಅಲ್ಲಿನ ಗೆರಿಲ್ಲಾಗಳು, ಬಿಡುಗಡೆ ಮಾಡಿದರು.

ಹೊರಡುವ ಮುಂಚೆ ಅವನು ಒಂದು ಕೆಲಸ ಮಾಡಿದ್ದ. ಪುಸ್ತಕದ ಐದು ಕವಿತೆಗಳನ್ನು ಬೇರೆ ಹಾಳೆಗಳಲ್ಲಿ ನಕಲು ಮಾಡಿ, ಎರಡನೇ ತಂಡದಲ್ಲಿದ್ದ ಗೆಳೆಯ ಶಾಂದೋರ್ ಸಾಲಾಯಿಯ ಕೈಗೆ ಕೊಟ್ಟಿದ್ದ. ಸಾಲಾಯಿ ಬದುಕಿದರು, ಹಾಳೆಗಳೂ ಬದುಕಿದವು. ಈ ನೋಟುಪುಸ್ತಕದ ಬಗ್ಗೆ ಬರೆಯುವವರೆಲ್ಲ 'ಪವಾಡ' ಅನ್ನುವ ಪದ ಎತ್ತುತ್ತಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಐದು ಭಾಷೆಯಲ್ಲಿ ವಿಳಾಸ, ಜೊತೆಗೆ ಬೇರೆಯವರ ಬಳಿ ಒಂದು ಪ್ರತಿ. ಜಾಗದ ಕಾಗದಪತ್ರ ಕಳೆದುಹೋದೀತು ಅಂತ ಹೆದರುವ ಮನುಷ್ಯ ಇನ್ನೇನು ಮಾಡುತ್ತಾನೆ?

ದಾರಿಯಲ್ಲಿ ಬರೆದವಕ್ಕೆ 'ರಾಜ್‌ಗ್ಲೆಡ್ನಿತ್ಸಾ' ಎಂದು ಹೆಸರಿಟ್ಟ. ಸರ್ಬಿಯನ್ನಿನಲ್ಲಿ ಹಾಗೆಂದರೆ ಊರಿನ ಚಿತ್ರ ಇರುವ ಪೋಸ್ಟ್ ಕಾರ್ಡು. ಒಟ್ಟು ನಾಲ್ಕು. ಮೊದಲನೆಯದು ಮಾತ್ರ ಹೊರಡುವ ಮುಂಚೆಯೇ ಬೋರ್‌ನ ಗುಡ್ಡದಲ್ಲೇ ಬರೆದದ್ದು. ಉಳಿದವನ್ನು ಭೂಪಟದ ಮೇಲೆ ಬೆರಳಿಟ್ಟು ಹಿಂಬಾಲಿಸಬಹುದು: ಅಕ್ಟೋಬರ್ 6, ಚೆರ್ವೆಂಕಾ. ಅಕ್ಟೋಬರ್ 24, ಮೊಹಾಚ್. ಅಕ್ಟೋಬರ್ 31, ಸೆಂಟ್‌ಕಿರಾಯ್‌ಸಬಾದ್ಯಾ. ಚೆರ್ವೆಂಕಾದ ಇಟ್ಟಿಗೆ ಗೂಡಿನ ಹತ್ತಿರ ಎಸ್‌ಎಸ್ ಸೈನಿಕರು, ಅಂದರೆ ಹಿಟ್ಲರನ ನಾಜಿ ಪಕ್ಷದ ಪಡೆಯವರು, ನೂರಾರು ಕೈದಿಗಳನ್ನು ಗುಂಡಿಕ್ಕಿ ಕೊಂದರು. ನಾಲ್ಕನೆಯದರಲ್ಲಿ ಪಕ್ಕದಲ್ಲಿ ಗುಂಡೇಟು ತಿಂದು ಬಿದ್ದವನೊಬ್ಬನಿದ್ದಾನೆ. ತನಗೂ ಹೀಗೇ ಆಗುವುದು ಅನ್ನುತ್ತಾನೆ ಕವಿ. ಏಳು ಸಾಲು, ಅಷ್ಟೇ.

ನವೆಂಬರ್ ಮೊದಲ ವಾರಗಳಲ್ಲಿ, ನಡೆಯಲಾಗದ 22 ಮಂದಿಯನ್ನು ಗಾಡಿಯಲ್ಲಿ ದ್ಯೋರ್ ಪಟ್ಟಣಕ್ಕೆ ತಂದರು. ಆಸ್ಪತ್ರೆಯಲ್ಲಿ ಜಾಗ ಸಿಗಲಿಲ್ಲ. ಪಕ್ಕದ ಆಬ್ದಾ ಎಂಬ ಹಳ್ಳಿಯ ಬಳಿ, ಹೊಳೆಬದಿಯಲ್ಲಿ ಎಲ್ಲರನ್ನೂ ಕೊಂದು ಒಂದೇ ಗುಂಡಿಯಲ್ಲಿ ಹೂತರು. ರಾಡ್ನೋಟಿಗೆ 35 ವರ್ಷ.

ಗುಂಡಿ ಅಗೆದದ್ದು 1946ರ ಜೂನ್‌ನಲ್ಲಿ. ಕೋಟಿನ ಜೇಬಿನಲ್ಲಿ ನೋಟುಪುಸ್ತಕ ಸಿಕ್ಕಿತು. ಒಂದೂವರೆ ವರ್ಷ ಮಣ್ಣಿನಲ್ಲಿದ್ದ ಕಾಗದ. ಮಳೆಗಾಲದಲ್ಲಿ ಪುಸ್ತಕ ಒಂದು ತಿಂಗಳು ಕಪಾಟಿನಿಂದ ಹೊರಗೆ ತೆಗೆಯದಿದ್ದರೆ ಬೂಷ್ಟು ಹಿಡಿಯುವ ನಮ್ಮೂರಲ್ಲಿ ಇದ್ದುಕೊಂಡು ಇದನ್ನು ನಂಬುವುದು ಕಷ್ಟ. ತೇವ ತಿಂದ ಪುಟಗಳಲ್ಲಿ ಕೆಲವು ಸಾಲುಗಳು ಕಲೆಯ ಕೆಳಗೆ ಹೋಗಿದ್ದವು. ಸಾಲಾಯಿಯ ಹಾಳೆಗಳು ಉಪಯೋಗಕ್ಕೆ ಬಂದದ್ದು ಅಲ್ಲಿ. 'ಬೇರು' ಎಂಬ ಕವಿತೆ ಮತ್ತು ನಾಲ್ಕು ಪೋಸ್ಟ್ ಕಾರ್ಡುಗಳಿಗೆ ಮಾತ್ರ ಬೇರೆ ಪ್ರತಿ ಇರಲಿಲ್ಲ. ಜೇಬಿನ ಪುಸ್ತಕವೇ ಗತಿ.

ಕವಿಯ ಕಾಗದಗಳ ವಿಷಯ ಬಂದಾಗ ನಮ್ಮ ಕಡೆಯವರಿಗೆ ಮಂಜೇಶ್ವರ ನೆನಪಾಗುತ್ತದೆ. 1963ರಲ್ಲಿ ಗೋವಿಂದ ಪೈಗಳು ಹೋದ ಮೇಲೆ ಅವರ ಪುಸ್ತಕಗಳ ರಾಶಿ ಉಡುಪಿಯ ಎಂಜಿಎಂ ಕಾಲೇಜಿಗೆ ಸೇರಿತು, ಅವರ ಹೆಸರಿನ ಸಂಶೋಧನ ಕೇಂದ್ರವೂ ಅಲ್ಲೇ ಆಯಿತು. ಮನೆ ಕೇರಳದಲ್ಲಿ, ಪುಸ್ತಕ ಕರ್ನಾಟಕದಲ್ಲಿ. ಕಾಗದಕ್ಕೆ ಒಂದು ವಿಳಾಸ ಸಿಕ್ಕಿತಲ್ಲ, ಅದೇ ದೊಡ್ಡದು ಅನ್ನಿಸುತ್ತದೆ ನನಗೆ. ಅಟ್ಟದಲ್ಲಿ ಗೆದ್ದಲಿಗೆ ಊಟವಾದ ಪುಸ್ತಕಗಳ ಲೆಕ್ಕ ಇಟ್ಟವರಾದರೂ ಯಾರು?

ರಾಡ್ನೋಟಿಯ ಪುಸ್ತಕ ಕೊನೆಗೆ ಫನ್ನಿಯ ಕೈ ಸೇರಿತು. ಅವಳು ಮತ್ತೆ ಮದುವೆಯಾಗಲಿಲ್ಲ. ಇಬ್ಬರೂ ಒಟ್ಟಿಗಿದ್ದ ಬುಡಾಪೆಸ್ಟಿನ ಮನೆಯಲ್ಲೇ ಉಳಿದು, 2014ರಲ್ಲಿ ತೀರಿಕೊಂಡಳು. ಆಗ ಅವಳಿಗೆ 101 ವರ್ಷ. ನೋಟುಪುಸ್ತಕ ಈಗ ಹಂಗೇರಿಯ ವಿಜ್ಞಾನ ಅಕಾಡೆಮಿಯ ಗ್ರಂಥಾಲಯದಲ್ಲಿದೆ.

ಆ ಟಿಪ್ಪಣಿಯ ಐದು ಭಾಷೆಗಳಲ್ಲಿ ನಾಲ್ಕು ಉಪಯೋಗಕ್ಕೇ ಬರಲಿಲ್ಲ. ಗುಂಡಿ ಅಗೆಸಿದವರು ಹಂಗೇರಿಯವರು, ಅವರಿಗೆ ಹಂಗೇರಿಯನ್ ಸಾಕಾಯಿತು. ಹೊಳೆಬದಿಯಲ್ಲಿ ಬಂದೂಕು ಹಿಡಿದು ನಿಂತಿದ್ದ ಕಾವಲಿನವರೂ ಹಂಗೇರಿಯವರೇ. ಜೇಬಿಗೆ ಕೈ ಹಾಕಿದ್ದರೆ ಅವರಿಗೂ ಓದಲು ಬರುತ್ತಿತ್ತು.